‘ಮಿಲಿಟರಿ ಗ್ರೇಡ್’ ತೋಟಾ ಬೇಕಾ, ಸಾದಾ ಸಾಕಾ? ದುಡ್ಡು ಕೊಡುವ ಮೊದಲು ನೋಡಬೇಕಾದದ್ದು

ಒಂದೇ ಕಪಾಟು, ಮೂರು ಡಬ್ಬಿ. ಒಳಗಿನ ತೋಟಾಗಳನ್ನು ಪಕ್ಕಪಕ್ಕ ಇಟ್ಟರೆ ಅಳತೆಯಲ್ಲಿ ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಮೊದಲನೆಯದರ ಮೇಲೆ ಬರೀ ‘.223 ರೆಮಿಂಗ್ಟನ್, 55 ಗ್ರೇನ್’ ಅಂತ ಅಚ್ಚಾಗಿದೆ. ಎರಡನೆಯದು ಕಡು ಹಸಿರು ಡಬ್ಬಿ. ‘5.56, ಎಂ855’ ಅಂತ ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ ‘ಮಿಲಿಟರಿ ಗ್ರೇಡ್’ ಅಂತ ಹಾಕಿದ್ದಾರೆ. ಮೂರನೆಯದರಲ್ಲಿ ಇರುವುದು 20 ತೋಟಾ ಮಾತ್ರ, ಬೆಲೆ ಎಲ್ಲಕ್ಕಿಂತ ಜಾಸ್ತಿ. ಗುಂಡಿನ ಮೂತಿಯಲ್ಲಿ ಒಂದು ಸಣ್ಣ ತೂತು ಕಾಣುತ್ತದೆ.

ಅಮೆರಿಕದಲ್ಲಿ ಹೊಸದಾಗಿ ರೇಂಜಿಗೆ, ಅಂದರೆ ಗುರಿ ಹೊಡೆಯುವ ಅಭ್ಯಾಸದ ಜಾಗಕ್ಕೆ, ಹೋಗಲು ಶುರು ಮಾಡಿದ ಕನ್ನಡದ ಗೆಳೆಯರು ನನಗೆ ಜಾಸ್ತಿ ಕೇಳುವ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ‘ಸೈನ್ಯದವರು ಬಳಸೋದು ಅಂದ್ಮೇಲೆ ಅದೇ ಒಳ್ಳೇದಲ್ವಾ? ಸ್ವಲ್ಪ ಜಾಸ್ತಿ ಕೊಟ್ಟರೆ ಏನು ಹೋಯಿತು?’

ಹೋಗುವುದು ದುಡ್ಡು ಮಾತ್ರ ಅಲ್ಲ. ತಪ್ಪು ಕೋವಿಗೆ ತಪ್ಪು ತೋಟಾ ಹಾಕಿದರೆ ಕೈ, ಕಣ್ಣು ಹೋಗಬಹುದು. ತಪ್ಪು ಕೆಲಸಕ್ಕೆ ಬಳಸಿದರೆ ಗೋಡೆಯ ಆಚೆ ಮಲಗಿದವರ ಜೀವ ಹೋಗಬಹುದು. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ನೀವು ಎಚ್-1ಬಿ, ಎಲ್-1, ಎಫ್-1 ಥರದ ವೀಸಾದಲ್ಲಿ ಬಂದು ಇಲ್ಲಿ ಇದ್ದೀರಾ? ಹಾಗಿದ್ದರೆ ಫೆಡರಲ್ ಕಾನೂನಿನ ಪ್ರಕಾರ ಕೋವಿಯನ್ನಷ್ಟೇ ಅಲ್ಲ, ಒಂದೇ ಒಂದು ತೋಟಾವನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ರಾಜ್ಯದ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿ ಇದೆ, ಅಂಥವು ಇನ್ನೂ ಕೆಲವು ಮಾತ್ರ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡರೆ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೈಯಲ್ಲಿ ಹಿಡಿದರೂ ಇಟ್ಟುಕೊಂಡ ಲೆಕ್ಕವೇ ಆಗಬಹುದು. ಮೊದಲು ವಕೀಲರನ್ನು ಕೇಳಿ, ಆಮೇಲೆ ಮುಂದೆ ಓದಿ.

ಈ ‘ಗ್ರೇಡ್’ ಕೊಟ್ಟವರು ಯಾರು?

ಯಾರೂ ಕೊಟ್ಟಿಲ್ಲ. ಅಮೆರಿಕದ ಸೇನೆಯಲ್ಲಿ ‘ಮಿಲಿಟರಿ ಗ್ರೇಡ್’ ಅನ್ನುವ ದರ್ಜೆಯೇ ಇಲ್ಲ. ಅಲ್ಲಿರುವುದು ಸ್ಪೆಸಿಫಿಕೇಶನ್. ಒಂದೊಂದು ವಸ್ತುವಿಗೂ ಒಂದು ಸಂಖ್ಯೆಯ ಕಡತ. ಅದರಲ್ಲಿ ಅಳತೆ, ಲೋಹ, ಪರೀಕ್ಷೆ, ಎಷ್ಟಕ್ಕೆ ಎಷ್ಟು ತಪ್ಪು ಒಪ್ಪಬಹುದು ಅನ್ನುವುದೆಲ್ಲ ಇರುತ್ತದೆ. ಕಾರ್ಖಾನೆ ಮಾಡಿದ ಮಾಲನ್ನು ಆ ಕಡತಕ್ಕೆ ಹೋಲಿಸಿ ನೋಡಿ ಸೇನೆ ಒಪ್ಪಿಕೊಳ್ಳುತ್ತದೆ ಅಥವಾ ವಾಪಸ್ ಕಳಿಸುತ್ತದೆ. ಡಬ್ಬಿಯ ಮೇಲೆ ಸಂಖ್ಯೆ ಇದ್ದರೆ ಮುಂದಕ್ಕೆ ಕೇಳಬಹುದು. ಬರೀ ‘ಗ್ರೇಡ್’ ಅಂತಿದ್ದರೆ ಕೇಳಲು ಏನೂ ಉಳಿಯುವುದಿಲ್ಲ.

ಇದರ ಮೇಲೆ ಕಣ್ಣಿಡುವವರೂ ಕಡಿಮೆ. ತೊಟ್ಟಿಲು, ಟೋಸ್ಟರ್, ಆಟದ ಸಾಮಾನು ಅಪಾಯ ಅಂತ ಕಂಡರೆ ಇಲ್ಲಿನ ಕನ್ಸ್ಯೂಮರ್ ಪ್ರಾಡಕ್ಟ್ ಸೇಫ್ಟಿ ಕಮಿಷನ್ ಅದನ್ನು ಅಂಗಡಿಯಿಂದ ವಾಪಸ್ ತೆಗೆಸುತ್ತದೆ. ಕೋವಿ ಮತ್ತು ತೋಟಾ ಮಾತ್ರ ಅದರ ಕೈಗೆ ಸಿಗದ ಹಾಗೆ 1970ರ ದಶಕದಲ್ಲೇ ಕಾನೂನು ಹೊರಗಿಟ್ಟಿದೆ. ತೋಟಾಗಳ ಅಳತೆ, ಒತ್ತಡಕ್ಕೆ ಮಾನದಂಡ ಬರೆಯುವುದು 1926ರಲ್ಲಿ ಶುರುವಾದ ಸಾಮಿ ಅನ್ನುವ ತಯಾರಕರ ಸಂಘ. ಒಳ್ಳೆಯ ಕೆಲಸವನ್ನೇ ಮಾಡಿದೆ. ಆದರೆ ಅದನ್ನು ಪಾಲಿಸುವುದು ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಹಾಗಾಗಿ ಡಬ್ಬಿ ಓದುವ ಕೆಲಸ ನಮ್ಮ ಮೇಲೇ ಬೀಳುತ್ತದೆ.

ಐದು ಪ್ರಶ್ನೆ ಕೇಳಿಕೊಳ್ಳಿ

ನಿಮ್ಮ ನಳಿಗೆಯ ಮೇಲೆ ಏನು ಕೊರೆದಿದೆ? ಇದು ಮೊದಲನೆಯದು, ಇದಕ್ಕೆ ರಿಯಾಯಿತಿ ಇಲ್ಲ. ಎರಡನೆಯದು, ಕೆಲಸ ಏನು: ಕಾಗದದ ಗುರಿಯಾ, ಸ್ಪರ್ಧೆಯಾ, ಬೇಟೆಯಾ, ಮನೆ ಕಾಯುವುದಾ? ಮೂರನೆಯದು, ಎಲ್ಲಿ ಹೊಡೆಯುತ್ತೀರಿ, ಆ ಜಾಗದ ನಿಯಮ ಏನು? ನಾಲ್ಕನೆಯದು, ಡಬ್ಬಿಯ ಮೇಲಿನ ಮಾತಿಗೆ ಸಂಖ್ಯೆ ಅಥವಾ ಗುರುತು ಏನಾದರೂ ಆಧಾರ ಇದೆಯಾ? ಕೊನೆಯದು, ಒಂದು ಈಡಿಗೆ ಎಷ್ಟು ಸೆಂಟ್ ಬೀಳುತ್ತದೆ?

ಮೊದಲ ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡೋಣ, ಯಾಕೆಂದರೆ ಅಪಾಯ ಜಾಸ್ತಿ ಇರುವುದು ಅಲ್ಲೇ. .223 ರೆಮಿಂಗ್ಟನ್ ಮತ್ತು 5.56 ನೇಟೋ ತೋಟಾಗಳ ಹೊರಗಿನ ಅಳತೆ ಹೆಚ್ಚುಕಡಿಮೆ ಒಂದೇ. ಒಂದರ ಚೇಂಬರಿನಲ್ಲಿ, ಅಂದರೆ ಕೋವಿಯಲ್ಲಿ ತೋಟಾ ಕೂರುವ ಗೂಡಿನಲ್ಲಿ, ಇನ್ನೊಂದು ಸಲೀಸಾಗಿ ಕೂರುತ್ತದೆ. ತೊಂದರೆ ಇರುವುದು ಅದರ ಮುಂದಿನ ಜಾಗದಲ್ಲಿ. ಗುಂಡು ತೋಟಾದಿಂದ ಹೊರಟು ನಳಿಗೆಯ ಒಳಗಿನ ಸುರುಳಿ ಗೀರುಗಳನ್ನು ಕಚ್ಚುವ ಮೊದಲು ಒಂದಷ್ಟು ಖಾಲಿ ಜಾಗ ಇರುತ್ತದೆ. 5.56 ಚೇಂಬರಿನಲ್ಲಿ ಅದು ಉದ್ದ, .223 ಚೇಂಬರಿನಲ್ಲಿ ಗಿಡ್ಡ. 5.56 ತೋಟಾದಲ್ಲಿ ಮದ್ದಿನ ಒತ್ತಡವೂ ಜಾಸ್ತಿ. ಸಾಮಿ ಲೆಕ್ಕದಲ್ಲಿ .223ರ ಮಿತಿ ಚದರ ಇಂಚಿಗೆ 55,000 ಪೌಂಡ್. 5.56ಕ್ಕೆ ನೇಟೋ ಲೆಕ್ಕದಲ್ಲಿ ಸುಮಾರು 62,000. ಇಬ್ಬರೂ ಅಳೆಯುವ ಜಾಗ ಬೇರೆ ಬೇರೆ, ಹಾಗಾಗಿ ಎರಡು ಅಂಕಿಗಳನ್ನು ಸುಮ್ನೆ ಕಳೆದು ವ್ಯತ್ಯಾಸ ಇಷ್ಟೇ ಅನ್ನಲು ಬರುವುದಿಲ್ಲ. ಆದರೂ ಜಾಸ್ತಿ ಒತ್ತಡದ ತೋಟಾ, ಗಿಡ್ಡ ಜಾಗ ಎರಡೂ ಸೇರಿದರೆ ಒತ್ತಡ ಮಿತಿ ಮೀರಬಹುದು. ಸಾಮಿಯವರು ಬೇಡ ಅಂತ ಬರೆದ ಜೋಡಿಗಳ ಪಟ್ಟಿಯಲ್ಲಿ .223 ಚೇಂಬರಿಗೆ 5.56 ತೋಟಾ ಹಾಕುವುದೂ ಇದೆ.

ತಿರುಗಿಸಿ ನೋಡಿದರೆ ಚಿಂತೆ ಇಲ್ಲ. 5.56 ಚೇಂಬರಿನಲ್ಲಿ .223 ಧಾರಾಳವಾಗಿ ಹೊಡೆಯಬಹುದು. ನಳಿಗೆಯ ಮೇಲೆ ‘.223 ವೈಲ್ಡ್’ ಅಂತಿದ್ದರೆ ಎರಡೂ ನಡೆಯುತ್ತದೆ. ಪ್ರತಿ ಈಡಿಗೂ ಕೈಯಿಂದ ಹಿಡಿ ಎಳೆದು ತೋಟಾ ಕೂರಿಸುವ ಹಳೆಯ ಬೋಲ್ಟ್ ರೈಫಲ್ ಕೊಂಡವರು ಮಾತ್ರ ತುಂಬಾ ಹುಷಾರಾಗಿರಬೇಕು. ಅವುಗಳಲ್ಲಿ ಜಾಸ್ತಿ ಬರೀ .223 ಚೇಂಬರೇ ಇರುತ್ತದೆ. ‘ಮಿಲಿಟರಿ ಗ್ರೇಡ್, ಗಟ್ಟಿ ಮಾಲು’ ಅನ್ನುವ ಮಾತು ಅವರ ಕೈಗೆ ತಪ್ಪು ಡಬ್ಬಿ ಕೊಟ್ಟುಬಿಡುತ್ತದೆ.

ಸಾದಾ ಡಬ್ಬಿ

.223, 55 ಗ್ರೇನ್, ಪೂರ್ತಿ ತಾಮ್ರ ಹೊದಿಸಿದ ಗುಂಡು. ಡಬ್ಬಿಯ ಮೇಲೆ ಎಫ್‌ಎಂಜೆ ಅಂತಿರುತ್ತದೆ. 55 ಗ್ರೇನ್ ಅಂದರೆ ಸುಮಾರು ಮೂರೂವರೆ ಗ್ರಾಂ ತೂಕದ ಗುಂಡು. ಯಾವ ದೊಡ್ಡ ಮಾತೂ ಇಲ್ಲದ ಈ ಡಬ್ಬಿ ಅಭ್ಯಾಸಕ್ಕೆ ಬೇಕಾದ್ದನ್ನೆಲ್ಲ ಕೊಡುತ್ತದೆ. .223 ಕೋವಿಯಲ್ಲೂ ನಡೆಯುತ್ತದೆ, 5.56 ಕೋವಿಯಲ್ಲೂ ನಡೆಯುತ್ತದೆ. ಬೆಲೆಯೂ ಕಡಿಮೆ. ಹೊಸಬರಿಗೆ ಬೇಕಾದದ್ದು ಕುದುರೆ (ಟ್ರಿಗರ್) ಎಳೆಯುವಾಗ ಬೆರಳು ನಡುಗದ ಹಾಗೆ ಕಲಿಯುವುದು. ಅದಕ್ಕೆ ನೂರಾರು ಈಡು ಹೊಡೆಯಬೇಕು. ಅಗ್ಗದ ತೋಟಾ ಇದ್ದರೆ ಮಾತ್ರ ಅಷ್ಟು ಹೊಡೆಯಲು ಆಗುತ್ತದೆ.

ಒಂದೇ ಎಚ್ಚರ. ಕೆಲವು ಅಗ್ಗದ ಡಬ್ಬಿಗಳಲ್ಲಿ ಗುಂಡಿನ ಹೊದಿಕೆ ಉಕ್ಕಿನದ್ದು, ಮೇಲೆ ತೆಳುವಾಗಿ ತಾಮ್ರ ಬಳಿದಿರುತ್ತದೆ. ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ನಿಮ್ಮ ರೇಂಜು ಇದಕ್ಕೆ ಒಪ್ಪುತ್ತದಾ ಅಂತ ಮೊದಲೇ ಕೇಳಿ.

ಹಸಿರು ಮೂತಿಯ ಡಬ್ಬಿ

‘ಮಿಲಿಟರಿ ಗ್ರೇಡ್’ ಅನ್ನುವ ಮಾತು ಜಾಸ್ತಿ ಅಂಟಿಕೊಂಡಿರುವುದು ಎಂ855ಕ್ಕೆ. 62 ಗ್ರೇನ್ ಗುಂಡು, ಅಂದರೆ ನಾಲ್ಕು ಗ್ರಾಂ. ಮೂತಿಗೆ ಹಸಿರು ಬಣ್ಣ. ಒಳಗೆ ಸೀಸದ ಮುಂದೆ ಒಂದು ಪುಟ್ಟ ಉಕ್ಕಿನ ತುಂಡು. ಬೆಲ್ಜಿಯಂನ ಎಫ್‌ಎನ್ ಕಂಪನಿಯವರು ರೂಪಿಸಿದ ಎಸ್‌ಎಸ್109 ಗುಂಡಿನ ಅಮೆರಿಕದ ರೂಪ ಇದು. 1980ರಲ್ಲಿ ನೇಟೋ ಇದನ್ನು ತನ್ನ ಮಾನದಂಡ ಮಾಡಿಕೊಂಡಿತು. ಅವತ್ತು ಇದ್ದ ಬೇಡಿಕೆ ದೂರದಿಂದ ಉಕ್ಕಿನ ಶಿರಸ್ತ್ರಾಣವನ್ನು ತೂರಬೇಕು ಅನ್ನುವುದು.

ಈಗ ನಿಮ್ಮ ಕೆಲಸದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಕಾಗದಕ್ಕೆ ತೂತು ಮಾಡಲು ಉಕ್ಕಿನ ತುಂಡು ಬೇಕಿಲ್ಲ. ಗುಂಡುಗಳು ಗುರಿಯಲ್ಲಿ ಇನ್ನಷ್ಟು ಹತ್ತಿರ ಹತ್ತಿರ ಬೀಳುತ್ತವಾ? ಇಲ್ಲ. ಒಳಗೆ ಸೀಸ, ಉಕ್ಕು ಎರಡು ತುಂಡು ಇರುವ ಗುಂಡನ್ನು ಪ್ರತಿ ಸಲ ಒಂದೇ ಸಮ ತೂಗುವ ಹಾಗೆ ಮಾಡುವುದು ಕಷ್ಟ. ಸ್ಪರ್ಧೆಯಲ್ಲಿ ಹೊಡೆಯುವವರು ಇದನ್ನು ಮುಟ್ಟದೇ ಇರುವುದು ಅದಕ್ಕೇ. ನಿಮ್ಮ ನಳಿಗೆ ಹಳೆಯ 1:12 ತಿರುವಿನದ್ದಾಗಿದ್ದರೆ, ಅಂದರೆ 12 ಇಂಚಿಗೆ ಒಂದು ಸುತ್ತು ತಿರುಗಿಸುವಂಥದ್ದಾಗಿದ್ದರೆ, ಈ ಉದ್ದನೆಯ ಗುಂಡು ನೆಟ್ಟಗೆ ಹಾರುವುದೇ ಇಲ್ಲ. ಓಲಾಡಿಕೊಂಡು ಹೋಗಿ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. 1:9 ಅಥವಾ ಅದಕ್ಕಿಂತ ಬಿಗಿ ತಿರುವು ಬೇಕು. ಸೇನೆ ತನ್ನ ರೈಫಲಿಗೆ 1:7 ಇಟ್ಟುಕೊಂಡಿದೆ.

ರೇಂಜಿನ ವಿಷಯ ನನಗೇ ಆದ ಅನುಭವ. ಮೊದಲ ವರ್ಷ ಇಂಥದ್ದೇ ಒಂದು ಡಬ್ಬಿ ಹಿಡಿದುಕೊಂಡು ಒಂದು ಒಳಾಂಗಣ ರೇಂಜಿಗೆ ಹೋದೆ. ಕೌಂಟರಿನ ಹುಡುಗ ಡಬ್ಬಿ ತೆರೆದು ಒಂದು ತೋಟಾ ಎತ್ತಿಕೊಂಡ. ದಾರಕ್ಕೆ ಕಟ್ಟಿದ್ದ ಸಣ್ಣ ಆಯಸ್ಕಾಂತವನ್ನು ಗುಂಡಿನ ಹತ್ತಿರ ಇಳಿಬಿಟ್ಟ. ಅದು ಟಕ್ ಅಂತ ಹಸಿರು ಮೂತಿಗೆ ಕಚ್ಚಿಕೊಂಡಿತು. ಮಾತಿಲ್ಲದೆ ಡಬ್ಬಿ ಮುಚ್ಚಿ ನನ್ನ ಕಡೆ ತಳ್ಳಿದ. ಉಕ್ಕಿನ ತುಂಡು ಹಿಂದಿನ ತಡೆಗೋಡೆಯನ್ನು ಕೊರೆಯುತ್ತದೆ, ಕಿಡಿ ಹಾರಿಸುತ್ತದೆ, ನೆಲದಲ್ಲಿ ಉಳಿದ ಮದ್ದಿಗೆ ಬೆಂಕಿ ತಗುಲಬಹುದು ಅಂತ ಆಮೇಲೆ ವಿವರಿಸಿದ. ಅವನದು ಸರಿ. ಮಾರುವಾಗ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಡಬ್ಬಿಯ ಮೇಲಿದ್ದದ್ದು ಆ ಎರಡು ಪದ ಮಾತ್ರ.

ಇದು ಕವಚ ತೂರುವ ತೋಟಾ, ಸರ್ಕಾರ ಯಾವತ್ತಾದರೂ ನಿಲ್ಲಿಸಬಹುದು, ಈಗಲೇ ತುಂಬಿಟ್ಟುಕೊಳ್ಳಿ ಅನ್ನುವ ಮಾತೂ ಕೇಳಿರುತ್ತೀರಿ. ಕವಚ ತೂರುವ ತೋಟಾಗಳ ಮೇಲಿನ ತಡೆಯಿಂದ ಇದಕ್ಕೆ ಸಿಕ್ಕಿದ್ದ ವಿನಾಯಿತಿಯನ್ನು ತೆಗೆಯುವ ಪ್ರಸ್ತಾಪವನ್ನು, ಕೋವಿ-ತೋಟಾ ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್ 2015ರಲ್ಲಿ ಇಟ್ಟದ್ದು ನಿಜ. 80,000ಕ್ಕೂ ಜಾಸ್ತಿ ಅಭಿಪ್ರಾಯಗಳು ಬಂದವು, ಪ್ರಸ್ತಾಪ ವಾಪಸ್ ಹೋಯಿತು. ಆ ಗಾಬರಿಯಲ್ಲಿ ಜನ ಅಂಗಡಿ ಖಾಲಿ ಮಾಡಿದ್ದರು. ಅಂಥ ಗಾಬರಿಯಲ್ಲಿ ಲಾಭ ಆಗುವುದು ಮಾರುವವರಿಗೆ.

ಇನ್ನು ‘ಎಕ್ಸ್‌ಎಂ193’, ‘ಎಕ್ಸ್‌ಎಂ855’ ಅನ್ನುವ ಹೆಸರುಗಳು. ಎಂ193 ಅಂದರೆ ಸೇನೆಯ ಹಳೆಯ 55 ಗ್ರೇನ್ ತೋಟಾ. ಸೇನೆಯ ಭಾಷೆಯಲ್ಲಿ ಮುಂದೆ ಎಕ್ಸ್ ಇದ್ದರೆ ಇನ್ನೂ ಪರೀಕ್ಷೆಯಲ್ಲಿರುವ ವಸ್ತು ಅಂತ. ಅಂಗಡಿಯ ಡಬ್ಬಿಯಲ್ಲಿ ಅದು ಬರೀ ಕಂಪನಿ ಇಟ್ಟ ಹೆಸರು. ಈ ಮಾಲನ್ನು ಸೇನೆ ಪರೀಕ್ಷಿಸಿ ಒಪ್ಪಿಕೊಂಡಿದೆ ಅಂತ ಅರ್ಥ ಅಲ್ಲ. ತೋಟಾದ ಬುಡದಲ್ಲಿ ‘ಎಲ್‌ಸಿ’ ಅಂತ ಎರಡಂಕಿಯ ಇಸವಿಯ ಜೊತೆ ಇದ್ದರೆ, ಆ ಹಿತ್ತಾಳೆ ಮಿಸೂರಿಯ ಇಂಡಿಪೆಂಡೆನ್ಸ್ ಊರಿನ ಲೇಕ್ ಸಿಟಿ ಕಾರ್ಖಾನೆಯಲ್ಲಿ ಆದದ್ದು. 1941ರಲ್ಲಿ ಶುರುವಾದ ಇದು ಸರ್ಕಾರದ ಕಾರ್ಖಾನೆ, ನಡೆಸುವುದು ಗುತ್ತಿಗೆ ಕಂಪನಿ. ಸೇನೆಗೂ ಅಲ್ಲೇ ಮಾಡುತ್ತಾರೆ, ಅಂಗಡಿಗೂ ಅಲ್ಲಿಂದ ಬರುತ್ತದೆ. ವೃತ್ತದೊಳಗೆ ಶಿಲುಬೆಯ ಹಾಗಿನ ಗುರುತಿದ್ದರೆ ಅದು ನೇಟೋ ಗುರುತು. ಇವು ‘ಗ್ರೇಡ್’ ಅನ್ನುವ ಪದಕ್ಕಿಂತ ಎಷ್ಟೋ ಪಾಲು ಬೆಲೆಯುಳ್ಳ ಸುಳಿವುಗಳು. ಹಾಗಂತ ಎಲ್‌ಸಿ ಹಿತ್ತಾಳೆ ನೋಡಿ ಒಳಗಿನ ಗುಂಡು, ಮದ್ದು ಎಲ್ಲ ಸೇನೆಯದ್ದೇ ಅಂದುಕೊಳ್ಳಬೇಡಿ. ಒಮ್ಮೆ ಹೊಡೆದ ಹಿತ್ತಾಳೆಗೆ ಮತ್ತೆ ಮದ್ದು ತುಂಬಿ ಮಾರುವವರೂ ಇದ್ದಾರೆ.

ಕತ್ತಿನ ಹತ್ತಿರ ನೀಲಿ-ಕಂದು ಬಣ್ಣ ತಿರುಗಿದ ಹಿತ್ತಾಳೆಯನ್ನೂ ಸೈನ್ಯದ ಗುರುತು ಅಂತ ತೋರಿಸುತ್ತಾರೆ. ಅದು ಹಿತ್ತಾಳೆ ಸೀಳದಿರಲಿ ಅಂತ ಬಿಸಿ ಮಾಡಿದ ಕಲೆ. ಈ ಥರದ ತೋಟಾಗಳಿಗೆಲ್ಲ ಅದನ್ನು ಮಾಡುತ್ತಾರೆ. ಅಂಗಡಿಯ ಮಾಲಿಗೆ ಕೊನೆಗೆ ಪಾಲಿಶ್ ಹಾಕಿ ಕಲೆ ತೆಗೆಯುವುದು ರೂಢಿ. ಸೇನೆ ಅದನ್ನು ಹಾಗೇ ಬಿಡಿಸುತ್ತದೆ, ಬಿಸಿ ಮಾಡಿದ್ದಾರೆ ಅಂತ ಕಣ್ಣಿಗೆ ಕಾಣಲಿ ಅಂತ.

ಹಾಗಾದರೆ ಇದನ್ನು ಕೊಳ್ಳಲೇಬಾರದಾ? ಕೊಳ್ಳಬಹುದು. ಬಯಲು ರೇಂಜು, 5.56 ಚೇಂಬರ್, ಬಿಗಿ ತಿರುವಿನ ನಳಿಗೆ, ಬೆಲೆ ಸಾದಾ ಡಬ್ಬಿಯಷ್ಟೇ ಇದ್ದರೆ ಧಾರಾಳವಾಗಿ ತೆಗೆದುಕೊಳ್ಳಿ. ಉಕ್ಕಿನ ಹಲಗೆಯ ಗುರಿಗೆ ಮಾತ್ರ ಹೊಡೆಯಬೇಡಿ, ಹಲಗೆ ಹಾಳಾಗುತ್ತದೆ, ಚೂರು ವಾಪಸ್ ಬರುತ್ತದೆ. ತೋಟಾದ ಬಾಯಿಗೂ, ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರಿಗೂ ಅಂಟು ಬಳಿದಿರುವುದರಿಂದ ತೇವಕ್ಕೆ ಚೆನ್ನಾಗಿ ತಡೆಯುತ್ತದೆ. ಅದು ನಿಜವಾದ ಗುಣ, ಒಪ್ಪಿಕೊಳ್ಳಬೇಕು.

ಲೆಕ್ಕ ಮಾತ್ರ ಹಾಕಿ. ಸೇನೆಯ ತಗಡಿನ ಪೆಟ್ಟಿಗೆಯಲ್ಲಿ 420 ತೋಟಾ ತುಂಬಿ ಮಾರುವುದು ರೂಢಿ. ಅದರ ಬೆಲೆ 260 ಡಾಲರ್ ಅಂತಿಟ್ಟುಕೊಳ್ಳಿ, ಈಡಿಗೆ 62 ಸೆಂಟ್ ಆಯಿತು. ಪಕ್ಕದಲ್ಲಿ 20ರ ಸಾದಾ ಡಬ್ಬಿ 10 ಡಾಲರ್ ಇದ್ದರೆ ಈಡಿಗೆ 50 ಸೆಂಟ್. ಜಾಸ್ತಿ ಕೊಟ್ಟ 12 ಸೆಂಟು ಪೆಟ್ಟಿಗೆಗೂ ಬಣ್ಣಕ್ಕೂ ಹೋಯಿತು. ಪೆಟ್ಟಿಗೆ ಚೆನ್ನಾಗಿಯೇ ಇರುತ್ತದೆ, ರಬ್ಬರ್ ಪಟ್ಟಿ ಇದ್ದು ಬಿಗಿಯಾಗಿ ಮುಚ್ಚುತ್ತದೆ. ಆದರೆ ಖಾಲಿ ಪೆಟ್ಟಿಗೆ ಬೇರೆಯಾಗಿಯೇ ಸಿಗುತ್ತದಲ್ವಾ.

ಮೂತಿಯಲ್ಲಿ ತೂತಿರುವ ಡಬ್ಬಿ

ಸೈನ್ಯ ಯಾಕೆ ಪೂರ್ತಿ ತಾಮ್ರ ಹೊದಿಸಿದ ಗುಂಡನ್ನೇ ಬಳಸುತ್ತಾ ಬಂತು? ಅದೇ ಒಳ್ಳೆಯದು ಅಂತ ಅಲ್ಲ. 1890ರ ದಶಕದಲ್ಲಿ ಕಲ್ಕತ್ತಾ ಹತ್ತಿರದ ದಮ್ ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮೂತಿ ಬಿಚ್ಚಿದ, ಮೈಗೆ ತಾಗಿದ ಕೂಡಲೇ ಹೂವಿನ ಹಾಗೆ ಅರಳುವ ಗುಂಡುಗಳನ್ನು ಮಾಡಿದರು. ಅದರಿಂದಾಗುವ ಗಾಯ ನೋಡಿ ಬೇರೆ ದೇಶಗಳು ವಿರೋಧಿಸಿದವು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡನ್ನು ಬೇಡ ಅಂದಿತು. ಅಮೆರಿಕ ಆ ಘೋಷಣೆಗೆ ಸೇರದಿದ್ದರೂ ಹೆಚ್ಚುಕಡಿಮೆ ಅದನ್ನೇ ಪಾಲಿಸಿಕೊಂಡು ಬಂತು. ಅಂದರೆ ಸೈನ್ಯದ ಗುಂಡಿನ ಆಕಾರದ ಹಿಂದೆ ಇರುವುದು ಯುದ್ಧದ ನಿಯಮ.

ಪೊಲೀಸರ ದಾರಿ ಬೇರೆ. ಊರಿನ ನಡುವೆ ಹೊಡೆದ ಗುಂಡು ಒಬ್ಬನನ್ನು ದಾಟಿ ಹಿಂದಿದ್ದವರಿಗೆ ತಾಗಬಾರದು. ಹಾಗಾಗಿ ಅವರು ಮೂತಿಯಲ್ಲಿ ತೂತಿರುವ, ತಾಗಿದರೆ ಅರಳುವ ಹಾಲೋ ಪಾಯಿಂಟ್ ಗುಂಡು ಬಳಸುತ್ತಾರೆ. 1986ರ ಮಿಯಾಮಿ ಗುಂಡಿನ ಚಕಮಕಿಯ ನಂತರ ಎಫ್‌ಬಿಐ ಇದಕ್ಕೆ ಒಂದು ಪರೀಕ್ಷೆಯನ್ನೇ ಕಟ್ಟಿತು. ಜೆಲಟಿನ್ ಗಟ್ಟಿಯೊಳಗೆ ಗುಂಡು 12ರಿಂದ 18 ಇಂಚು ಹೋಗಿ ನಿಲ್ಲಬೇಕು. ಕಡಿಮೆ ಆದರೂ ಬೇಡ, ಜಾಸ್ತಿ ಆದರೂ ಬೇಡ. ಸೇನೆಯೂ ಈಗ ಬದಲಾಗಿದೆ. 2017ರಲ್ಲಿ ಎಂ17 ಪಿಸ್ತೂಲು ಆಯ್ದುಕೊಂಡಾಗ ಅದರ ಜೊತೆಗೆ ಎಂ1153 ಅನ್ನುವ ಹಾಲೋ ಪಾಯಿಂಟ್ ತೋಟಾವನ್ನೂ ತೆಗೆದುಕೊಂಡಿತು.

ಮನೆ ಕಾಯಲು ಕೋವಿ ಇಟ್ಟುಕೊಂಡವರಿಗೆ ನನ್ನ ಸಲಹೆ ಖಂಡಿತವಾಗಿದೆ: ಹಸಿರು ಮೂತಿ ಬೇಡ, ಎಫ್‌ಎಂಜೆ ಬೇಡ. ಇಲ್ಲಿನ ಮನೆಯ ಒಳಗೋಡೆ ಅಂದರೆ ಎರಡು ಜಿಪ್ಸಂ ಹಲಗೆ, ನಡುವೆ ಖಾಲಿ. ಯಾವ ಗುಂಡಾದರೂ ಅದನ್ನು ದಾಟುತ್ತದೆ. ಅರಳುವ ಗುಂಡು ದೇಹದಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ದಾಟಿ ಹೋಗುವುದು ಕಡಿಮೆ. ಗೋಡೆಯಾಚೆ ಮಕ್ಕಳು ಮಲಗುವ ಕೋಣೆ ಇದ್ದರೆ ಆ ವ್ಯತ್ಯಾಸವೇ ಎಲ್ಲಾ. ಬೆಲೆ ಜಾಸ್ತಿ, ನಿಜ. ಆದರೆ ಇದು ದಿನಾ ಹೊಡೆಯುವುದಲ್ಲ. ಎರಡು ಮೂರು ಡಬ್ಬಿ ತಂದು, ಒಂದನ್ನು ರೇಂಜಿನಲ್ಲಿ ಹೊಡೆದು ನಿಮ್ಮ ಕೋವಿಯಲ್ಲಿ ಸಿಕ್ಕಿಹಾಕಿಕೊಳ್ಳದೆ ನಡೆಯುತ್ತದಾ ನೋಡಿ, ಉಳಿದದ್ದನ್ನು ಇಡಿ. ಕೋವಿಯನ್ನೂ ತೋಟಾವನ್ನೂ ಬೇರೆ ಬೇರೆ ಬೀಗದಲ್ಲಿಡಿ. ಕೈಗೆ ಬೇಗ ಸಿಗಬೇಕು ಅನ್ನುವವರು ಬೆರಳಚ್ಚಿನ ಅಥವಾ ಗುಂಡಿ ಒತ್ತುವ ಬೀಗದ ಪೆಟ್ಟಿಗೆ ತಂದುಕೊಳ್ಳಿ, ಹಾಸಿಗೆ ಕೆಳಗೆ ಮಾತ್ರ ಬೇಡ.

ಬೇಟೆಗೂ ಇದೇ ಮಾತು. ಬಹಳ ರಾಜ್ಯಗಳಲ್ಲಿ ಜಿಂಕೆಗೆ ಎಫ್‌ಎಂಜೆ ಹೊಡೆಯುವುದು ಕಾನೂನಿಗೆ ವಿರುದ್ಧ. ಗುಂಡು ಸುಮ್ನೆ ತೂರಿಕೊಂಡು ಹೋದರೆ ಪ್ರಾಣಿ ಗಾಯಗೊಂಡು ಓಡಿ ಎಲ್ಲೋ ನರಳಿ ಸಾಯುತ್ತದೆ. ಮೂತಿಯಲ್ಲಿ ಮೆತ್ತನೆಯ ಸೀಸ ಹೊರಗೆ ಕಾಣುವ, ಅರಳುವ ಸಾಫ್ಟ್ ಪಾಯಿಂಟ್ ತೆಗೆದುಕೊಳ್ಳಿ, ನಿಮ್ಮ ರಾಜ್ಯದ ನಿಯಮ ಓದಿಕೊಳ್ಳಿ.

ನಿಜಕ್ಕೂ ಸೈನ್ಯದಿಂದ ಬಂದದ್ದು

ಸರ್‌ಪ್ಲಸ್ ಅಂತ ಮಾರುವುದು, ಹಳೆಯ ಸೋವಿಯತ್ ಬಣದ ದೇಶಗಳಿಂದ ಬಂದ, ಸೀಲ್ ಮಾಡಿದ ತಗಡಿನ ಡಬ್ಬಗಳು, ಸುಳ್ಳು ಲೇಬಲ್ ಅಲ್ಲ. ಅವು ನಿಜವಾಗಿಯೂ ಸೈನ್ಯದವೇ. ಹಳೆಯ ರೈಫಲ್ ಇರುವವರಿಗೆ ಒಂದು ಕಾಲದಲ್ಲಿ ಇದಕ್ಕಿಂತ ಅಗ್ಗದ್ದು ಇರಲಿಲ್ಲ. ಆದರೆ ಅದರ ಪ್ರೈಮರಿನಲ್ಲಿ, ಅಂದರೆ ಮಲೆನಾಡಿನವರು ಕೇಪು ಅನ್ನುವುದರಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಹೊಡೆದಾಗ ಅದು ಒಂದು ಥರ ಉಪ್ಪಾಗಿ ನಳಿಗೆಯಲ್ಲಿ ಕೂರುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕೆಲವೇ ದಿನದಲ್ಲಿ ತುಕ್ಕು. ಎಣ್ಣೆ ಹಾಕಿ ಒರೆಸಿದರೆ ಉಪ್ಪು ಹೋಗುವುದಿಲ್ಲ, ಉಪ್ಪು ಕರಗುವುದು ನೀರಿನಲ್ಲಿ. ಅವತ್ತೇ ಬಿಸಿ ನೀರು ಹಾಯಿಸಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು. ಅಮೆರಿಕದ ಸೇನೆ 1950ರ ದಶಕದ ಮೊದಲ ವರ್ಷಗಳಲ್ಲೇ ಈ ಥರದ ಪ್ರೈಮರ್ ಬಿಟ್ಟಿತು. ತೊಳೆಯುವ ತಾಳ್ಮೆ ಇರುವವರಿಗೆ ಇದು ಸರಿ. ಹೊಸಬರಿಗೆ ನಾನು ಹೇಳುವುದಿಲ್ಲ.

ಗುರಿ ಸ್ಪರ್ಧೆಯವರಿಗೆ ಮ್ಯಾಚ್ ತೋಟಾ ಅಂತಲೇ ಇದೆ, ಈಡಿಗೆ ಒಂದು ಡಾಲರಿನ ಆಸುಪಾಸು ಅಥವಾ ಮೇಲೆ. ಇದರಲ್ಲೂ ಸೇನೆಯದ್ದು ಇದೆ: 77 ಗ್ರೇನಿನ ಎಂಕೆ262. ಸಾದಾ ಎಂ193ಕ್ಕೂ ಇದಕ್ಕೂ ಆನೆಗೂ ಆಡಿಗೂ ಇರುವಷ್ಟು ಅಂತರ, ಎರಡೂ ‘ಮಿಲಿಟರಿ’ಯೇ.

ಕೋವಿಯ ಮೇಲೆ ‘ಮಿಲ್-ಸ್ಪೆಕ್’ ಅಂತಿದ್ದರೆ?

ಮಿಲ್-ಸ್ಪೆಕ್ ಅಂದರೆ ಸೇನೆಯ ಸ್ಪೆಸಿಫಿಕೇಶನ್. ಇಲ್ಲಿ ಸ್ವಲ್ಪ ಸತ್ಯ, ಜಾಸ್ತಿ ಬಣ್ಣ. ಸಾಮಾನ್ಯ ಜನರಿಗೆ ಅಂಗಡಿಯಲ್ಲಿ ಮಾರುವ ಎಆರ್-15 ರೈಫಲ್ ಯಾವುದೂ ಸೈನ್ಯದ ರೈಫಲ್ ಅಲ್ಲ. ಸೈನ್ಯದ ಎಂ4 ರೈಫಲಿನ ನಳಿಗೆ 14.5 ಇಂಚು, ಕುದುರೆ ಒಮ್ಮೆ ಎಳೆದರೆ ಒಂದಕ್ಕಿಂತ ಜಾಸ್ತಿ ಈಡು ಹಾರುವ ವ್ಯವಸ್ಥೆ ಅದಕ್ಕಿದೆ. ಅಂಗಡಿಯದ್ದು ಒಮ್ಮೆಗೆ ಒಂದೇ ಈಡು. ನಳಿಗೆ 16 ಇಂಚಿಗಿಂತ ಗಿಡ್ಡ ಇದ್ದರೆ 1934ರ ಕಾನೂನಿನ ಕೆಳಗೆ ನೋಂದಣಿ ಬೇಕು. 1986ರ ಮೇ ನಂತರ ನೋಂದಣಿಯಾದ ಮೆಷಿನ್ ಗನ್ನನ್ನು ಸಾಮಾನ್ಯ ಜನ ಇಟ್ಟುಕೊಳ್ಳುವಂತೆಯೇ ಇಲ್ಲ.

ಬಿಡಿಭಾಗಗಳ ಮಟ್ಟಿಗೆ ಬಂದರೆ ಪದಕ್ಕೆ ಅರ್ಥ ಸಿಗುತ್ತದೆ. ಭುಜಕ್ಕೆ ಒತ್ತಿಕೊಳ್ಳುವ ಹಿಂಬದಿ (ಸ್ಟಾಕ್) ಕೂರುವ ಕೊಳವೆಗೆ ಬಫರ್ ಟ್ಯೂಬ್ ಅನ್ನುತ್ತಾರೆ. ಅದರ ವ್ಯಾಸ ಮಿಲ್-ಸ್ಪೆಕ್‌ನಲ್ಲಿ ಸುಮಾರು 1.148 ಇಂಚು, ಕಮರ್ಷಿಯಲ್‌ನಲ್ಲಿ 1.168. ಒಂದರ ಹಿಂಬದಿ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಇದು ಅಳತೆಯ ಮಾತು, ಕೊಳ್ಳುವಾಗ ಕೇಳಲೇಬೇಕು. ಬೋಲ್ಟು, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ, ಕಾರ್ಪೆಂಟರ್ 158 ಅನ್ನುವ ಉಕ್ಕಿನದ್ದಾಗಿರಬೇಕು. ಜಾಸ್ತಿ ಒತ್ತಡದ ತೋಟಾ ಹೊಡೆದು ಪರೀಕ್ಷಿಸಿ, ಆಮೇಲೆ ಆಯಸ್ಕಾಂತದ ಪರೀಕ್ಷೆಯಲ್ಲಿ ತಯಾರಕರೇ ಬಿರುಕು ಹುಡುಕಿರಬೇಕು. ಅದಾಗಿದ್ದರೆ ‘ಎಂಪಿ’ ಅಂತ ಸಣ್ಣ ಗುರುತು ಇರುತ್ತದೆ. ಮಾರುವವರಿಗೆ ಕೇಳಬೇಕಾದ ಪ್ರಶ್ನೆ: ಪ್ರತಿಯೊಂದು ಬೋಲ್ಟನ್ನೂ ನೋಡಿದ್ದೀರಾ, ರಾಶಿಯಲ್ಲಿ ಒಂದೆರಡನ್ನಾ? ಇದಕ್ಕೆ ನೇರ ಉತ್ತರ ಸಿಕ್ಕರೆ ಜಾಸ್ತಿ ದುಡ್ಡು ಕೊಡುವುದಕ್ಕೆ ಕಾರಣ ಇದೆ. ಅದೇ ‘ಮಿಲ್-ಸ್ಪೆಕ್ ಟ್ರಿಗರ್’ ಅಂದರೆ ಭಾರವಾದ, ಒರಟಾದ ಕುದುರೆ. ಎಳೆಯಲು ಐದೂವರೆ ಪೌಂಡ್ ಅಥವಾ ಇನ್ನೂ ಜಾಸ್ತಿ ಬಲ ಬೇಕು. ಕೆಸರು, ಗಾಬರಿ, ಕೈಗವಸು ಎಲ್ಲದರ ನಡುವೆ ತಪ್ಪಿ ಹಾರಬಾರದು ಅಂತ ಹಾಗೆ ಮಾಡಿದ್ದು. ಗುರಿಗೆ ಹೊಡೆಯುವವರು ಮೊದಲು ಬದಲಾಯಿಸುವ ಭಾಗವೇ ಅದು. ಕ್ರೋಮ್ ಬಳಿದ ನಳಿಗೆ ಬಾಳಿಕೆ ಬರುತ್ತದೆ, ತುಕ್ಕು ತಡೆಯುತ್ತದೆ. ಹತ್ತಿರ ಹತ್ತಿರ ಗುಂಡು ಬೀಳಿಸಬೇಕು ಅನ್ನುವವರು ಕ್ರೋಮ್ ಇಲ್ಲದ ಸ್ಟೇನ್‌ಲೆಸ್ ನಳಿಗೆ ಆರಿಸುತ್ತಾರೆ.

ಸೈನ್ಯದ ಹೆಸರಲ್ಲಿ ಮಾರುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2012ರಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿಗೆ ಮಕ್ಕಳು ಸತ್ತ ಮೇಲೆ, ಆ ಕುಟುಂಬಗಳಲ್ಲಿ ಕೆಲವರು ದಾಳಿಗೆ ಬಳಸಿದ ರೈಫಲಿನ ಕಂಪನಿ ರೆಮಿಂಗ್ಟನ್ ಮೇಲೆ ಮೊಕದ್ದಮೆ ಹೂಡಿದರು. ಯುದ್ಧದ ಚಿತ್ರ ತೋರಿಸಿ ರೈಫಲ್ ಮಾರಿದ ಜಾಹೀರಾತಿನ ರೀತಿಯೇ ಅವರ ದೂರು. 2022ರ ಫೆಬ್ರವರಿಯಲ್ಲಿ ಕಂಪನಿಯ ವಿಮಾದಾರರು 7.3 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

ಯಾರಿಗೆ ಯಾವುದು

ತಿಂಗಳಿಗೆ ಒಮ್ಮೆ ಒಳಾಂಗಣ ರೇಂಜಿಗೆ ಹೋಗುವವರು, ಕೈಯಲ್ಲಿ 50 ಡಾಲರ್ ಇದ್ದರೆ, ಆಯಸ್ಕಾಂತಕ್ಕೆ ಅಂಟದ ಸಾದಾ .223 ತೆಗೆದುಕೊಳ್ಳಿ. ಅದಕ್ಕಿಂತ ಜಾಸ್ತಿ ಯೋಚಿಸುವುದು ಬೇಡ. ಬಯಲಲ್ಲಿ ಹೊಡೆಯುವವರು, 5.56 ರೈಫಲ್ ಇರುವವರು ಎಕ್ಸ್‌ಎಂ193 ಅನ್ನೂ ನೋಡಬಹುದು, ಈಡಿನ ಲೆಕ್ಕದಲ್ಲಿ ಯಾವುದು ಅಗ್ಗವೋ ಅದು. ವರ್ಷಗಟ್ಟಲೆ ಇಡಬೇಕು, ಗ್ಯಾರೇಜಿನಲ್ಲಿ ತೇವ ಇದೆ ಅನ್ನುವವರಿಗೆ ಅಂಟು ಬಳಿದ ತೋಟಾ, ರಬ್ಬರ್ ಪಟ್ಟಿಯ ಪೆಟ್ಟಿಗೆ ಎರಡಕ್ಕೂ ಕೊಟ್ಟ ದುಡ್ಡು ಸಾರ್ಥಕ. ಮನೆ ಕಾಯುವವರಿಗೆ, ಬೇಟೆಯವರಿಗೆ ಅರಳುವ ಗುಂಡು. ಬರೀ .223 ಅಂತ ಕೊರೆದ ಹಳೆಯ ರೈಫಲ್ ಇದ್ದರೆ ಹಸಿರು ಡಬ್ಬಿ ಪುಕ್ಕಟೆ ಕೊಟ್ಟರೂ ಬೇಡ.

ಪಿಸ್ತೂಲಿನವರಿಗೂ ಎರಡು ಮಾತು. 9 ಎಂಎಂ ಡಬ್ಬಿಯ ಮೇಲೆ ‘ನೇಟೋ’ ಅಂತಿದ್ದರೆ ಒತ್ತಡ ಸಾದಾ 9 ಎಂಎಂಗಿಂತ ಸ್ವಲ್ಪ ಜಾಸ್ತಿ. ಹೊಸ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ಕೈಪಿಡಿ ನೋಡಿ. ಬಹಳ ಹಳೆಯದಾದರೆ ಬಿಟ್ಟುಬಿಡಿ.

ಯಾವುದನ್ನೇ ತಂದರೂ ಡಬ್ಬಿಯನ್ನು ಬಿಸಾಡಬೇಡಿ. ಮುಚ್ಚಳದ ಒಳಗೋ ಬದಿಯಲ್ಲೋ ಲಾಟ್ ಸಂಖ್ಯೆ ಅಚ್ಚಾಗಿರುತ್ತದೆ. ತಯಾರಕರು ಕೆಟ್ಟ ಮಾಲನ್ನು ವಾಪಸ್ ಕರೆಯುವಾಗ ಆ ಸಂಖ್ಯೆಯನ್ನೇ ಹೇಳುತ್ತಾರೆ. ತೋಟಾಗಳನ್ನು ಬೇರೆ ಪೆಟ್ಟಿಗೆಗೆ ಸುರಿಯುವವರು ಆ ತುಂಡನ್ನು ಕತ್ತರಿಸಿ ತೋಟಾಗಳ ಜೊತೆಗೇ ಹಾಕಿಡಿ.